ಜೈಲಿಂದ ಬಂದ ತಮ್ಮನಿಗೆ ಯಾರಿಗೂ ಗೊತ್ತಿಲ್ಲದ ಊರಲ್ಲಿ ಕೆಲಸ? ನನ್ನ ಕುವೈತ್ ಕಥೆ ಕೇಳಿ

ತಮ್ಮ ಆರು ವರ್ಷ ಒಳಗಿದ್ದು ಬಂದಿದಾನೆ, ಯಾರಿಗೂ ಗೊತ್ತಿಲ್ಲದ ದೂರದ ಊರಲ್ಲಿ ಕೆಲಸ ಕೊಡಿಸೋ ಸಂಸ್ಥೆ ಯಾವ್ದಾದ್ರೂ ಇದ್ಯಾ ಅಂತ ಕೇಳಿದೀರ. ಸಂಸ್ಥೆ ವಿಷಯ ಆಮೇಲೆ ಹೇಳ್ತೀನಿ. ಆ "ಯಾರಿಗೂ ಗೊತ್ತಿಲ್ಲದ ಊರು" ಅನ್ನೋದನ್ನ ಮೊದ್ಲು ತಲೆಯಿಂದ ತೆಗೀರಿ. ನಾನೂ ಅದನ್ನೇ ಹುಡುಕ್ಕೊಂಡು ಹೋದೋನು.

ನಂದು ಬದುವಿನ ಜಗಳ. ದಾಯಾದಿಗಳು, ಎರಡು ಅಡಿ ಜಾಗ, ಒಂದು ದೊಣ್ಣೆ ಏಟು, ನಮ್ಮ ದೊಡ್ಡಪ್ಪನ ಮಗ ಆಸ್ಪತ್ರೆಲಿ ತೀರಿಕೊಂಡ. ಐಪಿಸಿ 304ರ ಎರಡನೇ ಭಾಗ, ಅಂದ್ರೆ ಕೊಲೆ ಅನ್ನಿಸ್ಕೊಳ್ಳದ ನರಹತ್ಯೆ, ಏಳು ವರ್ಷ ಸಜಾ, ರೆಮಿಷನ್ ಅಂತ ಶಿಕ್ಷೆಲಿ ಸಿಗೋ ಕಡಿತ ಎಲ್ಲ ಕಳೆದು 2018ರಲ್ಲಿ ಮೈಸೂರು ಸೆಂಟ್ರಲ್ ಜೈಲಿಂದ ಹೊರಗೆ ಬಂದೆ. ಇದರ ಬಗ್ಗೆ ಇಲ್ಲಿ ಜಾಸ್ತಿ ಹೇಳಲ್ಲ, ತಪ್ಪು ನಂದೇ.

ಒಳಗೆ ಹೋಗೋ ಮುಂಚೆ ನಾನು ಡ್ರೈವರ್. ಹೊರಗೆ ಬಂದ ಮೇಲೆ ನೋಡಿದ್ರೆ ಡಿಎಲ್ ಎಕ್ಸ್‌ಪೈರ್ ಆಗಿ ಎರಡು ವರ್ಷದ ಮೇಲಾಗಿತ್ತು, ಬ್ಯಾಂಕ್ ಅಕೌಂಟ್ ಸತ್ತಿತ್ತು, ರೇಷನ್ ಕಾರ್ಡಿಂದ ಹೆಸರು ಹೋಗಿತ್ತು. ಊರಲ್ಲಂತೂ ಇರೋ ಹಾಗಿರ್ಲಿಲ್ಲ, ಸತ್ತೋರ ಮನೆ ನಮ್ಮನೆಯಿಂದ ನಾಕು ಮನೆ ಆಚೆ. ಹೆಂಡ್ತಿನ ಕರ್ಕೊಂಡು ಮೈಸೂರಿನ ಹೊರಗಡೆ ಒಂದು ರೂಮ್ ಮಾಡಿ ಒಂದು ಹಾರ್ಡ್‌ವೇರ್ ಅಂಗಡಿಲಿ ಲೋಡಿಂಗ್ ಕೆಲಸಕ್ಕೆ ಸೇರ್ಕೊಂಡೆ. ಯಜಮಾನರು ಒಳ್ಳೆ ಮನುಷ್ಯ. ಮೊದಲನೇ ದಿನಾನೇ ಕೇಳಿದ್ರು, ಇಷ್ಟು ವರ್ಷ ಎಲ್ಲಿದ್ದೆ ಅಂತ.

ಕುವೈತ್‌ನಲ್ಲಿದ್ದೆ ಅಂದೆ.

ಕುವೈತೇ ಯಾಕೆ ಅಂದ್ರೆ ಬ್ಯಾರಕ್‌ನಲ್ಲಿ ನನ್ನ ಪಕ್ಕ ಮಲಗ್ತಿದ್ದೋನು ಉಡುಪಿ ಕಡೆಯೋನು, ಹನ್ನೆರಡು ವರ್ಷ ಅಲ್ಲಿ ಡ್ರೈವರ್ ಆಗಿದ್ದ, ಸಾಲ್ಮಿಯಾ, ಫಹಾಹೀಲ್ ಅಂತ ಏರಿಯಾ ಹೆಸರುಗಳೆಲ್ಲ ಅವನ ಬಾಯಲ್ಲೇ ಕೇಳಿ ಕೇಳಿ ನಾನೇ ಹೋಗಿ ಬಂದ ಹಾಗಾಗಿತ್ತು. ಬೇಸಿಗೆಲಿ ಸ್ಟೇರಿಂಗ್ ಮುಟ್ಟೋಕಾಗಲ್ಲ ಅನ್ನೋದು, ದಿನಾರ್‌ನ ರೂಪಾಯಿಗೆ ಲೆಕ್ಕ ಹಾಕೋದು, ಎಲ್ಲ ಬರ್ತಿತ್ತು. ರಾತ್ರಿ ಯೂಟ್ಯೂಬಲ್ಲಿ ಕುವೈತ್ ರಸ್ತೆ ವಿಡಿಯೋ ಬೇರೆ ನೋಡ್ತಿದ್ದೆ, ನಗಬೇಡಿ, ಪರೀಕ್ಷೆಗೆ ಓದೋ ಥರ ನೋಡ್ತಿದ್ದೆ. ಹೆಂಡ್ತಿಗೂ ಪಾಠ ಹೇಳಿಕೊಟ್ಟಿದ್ದೆ. ಯಜಮಾನರ ಮನೆಯೋರು ಒಂದ್ಸಲ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಕರೆದು "ನಿಮ್ಮೆಜಮಾನ್ರು ಚಿನ್ನ ಗಿನ್ನ ತಂದ್ರಾ" ಅಂದಾಗ ಪಾಪ ಅವಳು ತಂದಿದ್ರು, ಸಾಲಕ್ಕೆ ಹೋಯ್ತು ಅಂದ್ಲಂತೆ. ಆವತ್ತು ರಾತ್ರಿ ಅವಳು ಊಟ ಮಾಡ್ಲಿಲ್ಲ.

ಇಷ್ಟರಲ್ಲೇ ನಿಂತಿದ್ರೆ ಯಾರಿಗೂ ಏನೂ ನಷ್ಟ ಇರ್ಲಿಲ್ಲ ಅನ್ಕೊಳ್ಳೋಣ. ಅಂಗಡಿಗೆ ಯಜಮಾನರ ಅಕ್ಕನ ಮಗ ಬರ್ತಿದ್ದ, ಐಟಿಐ ಆಗಿತ್ತು, ಅವನಿಗೆ ಗಲ್ಫ್ ಹುಚ್ಚು. ಒಂದಿನ ಒಬ್ಬ ಏಜೆಂಟ್ ಕಾರ್ಡ್ ತಂದು ಕ್ಯಾಶ್ ಟೇಬಲ್ ಮೇಲಿಟ್ಟ. ಗಿರಾಕಿಗಳಿದ್ರು, ಹಮಾಲಿ ಹುಡುಗ್ರಿದ್ರು. ಯಜಮಾನರು ನನ್ನ ಕರೆದು ನೀನು ಯಾರ ಮೂಲಕ ಹೋಗಿದ್ದೆಪ್ಪಾ ಅಂದ್ರು. ಗೊತ್ತಿಲ್ಲ ಅನ್ನೋ ಹಾಗಿಲ್ಲ, ಹೋಗಿ ಬಂದೋನು ನಾನು. ಬೇರೆ ಯಾವ್ದೋ ಹೆಸರು ಹೇಳೋಣ ಅಂದ್ರೆ ಫೋನ್ ನಂಬರ್ ಕೊಡು ಅಂತಾರೆ. ಮರೆತೋಯ್ತು ಅನ್ನಬಹುದಿತ್ತು, ಎಷ್ಟೋ ವರ್ಷ ಆಯ್ತಣ್ಣ ಅನ್ನಬಹುದಿತ್ತು, ಕೆಮ್ಮು ಬಂದೋರ ಥರ ಆಚೆ ಹೋಗಬಹುದಿತ್ತು, ಇವತ್ತಿಗೂ ರಾತ್ರಿ ಎಚ್ಚರ ಆದ್ರೆ ಏನೇನು ಹೇಳಬಹುದಿತ್ತು ಅಂತ ಪಟ್ಟಿ ಮಾಡ್ತಾ ಇರ್ತೀನಿ. ನಾನು ಮಾಡಿದ್ದೇನು ಅಂದ್ರೆ ಆ ಕಾರ್ಡ್ ಎತ್ಕೊಂಡು ನೋಡಿ "ಇವರೇ ಅಣ್ಣ, ಇವರ ಮೂಲಕನೇ ಹೋಗಿದ್ದು" ಅಂದೆ. ಅತ್ಯಂತ ಸುಲಭದ ಸುಳ್ಳು ಅದು, ಎದುರಿಗಿದ್ದ ಹೆಸರನ್ನೇ ಓದಿದ್ದು ಅಷ್ಟೇ.

ನನ್ನ ಆ ಮಾತಿನ ಮೇಲೆ ಹುಡುಗ 80 ಸಾವಿರ ಕಟ್ಟಿದ. ಏಜೆಂಟ್ ಮೂರು ತಿಂಗಳು ವೀಸಾ ಬಂತು ಬಂತು ಅಂದು ಆಫೀಸಿಗೆ ಬೀಗ ಹಾಕ್ಕೊಂಡು ಹೋದ. ಕುವೈತ್‌ಗೆ ಜನ ಕಳಿಸೋ ಏಜೆಂಟ್ ವಿದೇಶಾಂಗ ಇಲಾಖೆಲಿ ನೋಂದಣಿ ಆಗಿರಬೇಕು, ಇಮೈಗ್ರೇಟ್ ವೆಬ್‌ಸೈಟಲ್ಲಿ ಹೆಸರು ಹುಡುಕಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ಇದೆಲ್ಲ ನನಗೆ ತಿಳಿದಿದ್ದು ಆಮೇಲೆ. ನಿಜವಾಗ್ಲೂ ಹೋಗಿ ಬಂದೋನಾಗಿದ್ರೆ ಮೊದಲೇ ಗೊತ್ತಿರ್ತಿತ್ತು.

ಆಗಲೂ ಯಜಮಾನರು ನನ್ನ ಬೈಲಿಲ್ಲ, ನಿನಗಾಗಿದ್ದು ಇವನಿಗಾಗ್ಲಿಲ್ಲ, ಹಣೆಬರಹ ಅಂದ್ರು. ಅದಾಗಿ ಎರಡು ವಾರಕ್ಕೆ ರಿಟೈರ್ ಆಗಿದ್ದ ವಾರ್ಡರ್ ಒಬ್ರು ಮನೆ ಕಟ್ಟಿಸ್ತಾ ಕಬ್ಬಿಣ ತಗೊಳ್ಳೋಕೆ ಬಂದ್ರು. ನನ್ನ ನೋಡಿದ ತಕ್ಷಣ ಮುಖ ಅರಳ್ತು. "ಏನಪ್ಪಾ, ಕೆಲಸ ಸಿಕ್ತಾ, ಬಹಳ ಸಂತೋಷ, ಜೈಲಲ್ಲಿದ್ದಾಗ್ಲೂ ಇವನು ಬಹಳ ಒಳ್ಳೆ ಹುಡುಗ ಕಣ್ರೀ" ಅಂತ ಯಜಮಾನರಿಗೇ ಹೇಳಿದ್ರು. ಪ್ರೀತಿಯಿಂದನೇ ಹೇಳಿದ್ದು. ಯಜಮಾನರು ಅವರಿಗೆ ಬಿಲ್ ಮಾಡಿ ಕಳಿಸಿ, ಶಟರ್ ಅರ್ಧ ಎಳೆದು, ಜೈಲಿಗೆ ಹೋಗಿದ್ದು ಬಿಡು, ಆ ಕಾರ್ಡ್ ಯಾಕೋ ಎತ್ಕೊಂಡೆ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಕೆಲಸ ಹೋಯ್ತು.

ನಿಮ್ಮ ತಮ್ಮ ಬೀದರ್‌ಗೆ ಹೋದ್ರೂ ಒಬ್ಬ ವಾರ್ಡರ್ ಅಲ್ಲಿಗೆ ಕಬ್ಬಿಣ ತಗೊಳ್ಳೋಕೆ ಬರ್ತಾನೆ. ವಾರ್ಡರ್ ಬರದಿದ್ರೆ ಮೈಯೇ ಹೇಳುತ್ತೆ. ಸಂಜೆ ಆರಾದ್ರೆ ನನಗೆ ಲಾಕಪ್ ಟೈಮ್ ಅಂತ ಕೈಕಾಲು ಆಡ್ತಿರ್ಲಿಲ್ಲ, ಯಾರಾದ್ರೂ ದಪ್ಪ ದನಿಲಿ ಕೂಗಿದ್ರೆ ಎದ್ದು ನಿಂತ್ಬಿಡ್ತಿದ್ದೆ. ಗಲ್ಫಿಂದ ಬಂದೋರು ಹಂಗೆ ಎದ್ದು ನಿಲ್ಲಲ್ಲ.

ಸರ್ಕಾರಿ ಕೆಲಸದ ಫಾರಂನಲ್ಲಿ ಕೇಸ್ ಕಾಲಂ ಖಾಲಿ ಬಿಡಿ ಅಂತ ಯಾರಾದ್ರೂ ಬುದ್ಧಿ ಹೇಳಿದ್ರೆ ಕೇಳಬೇಡಿ. 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ, ನಿಜ ಬರೆದ್ರೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಆದ್ರೆ ದೊಡ್ಡ ಕೇಸ್ ಮುಚ್ಚಿಟ್ರೆ ಆ ಮುಚ್ಚಿಟ್ಟಿದ್ದಕ್ಕೇ ಮನೆಗೆ ಕಳಿಸಬಹುದು.

ಈಗ ಸಂಸ್ಥೆ. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲೇ ಎಲ್ಲರಿಗೂ ಗೊತ್ತಿರೋ ಜಾಗದಲ್ಲೇ ನಮ್ಮಂಥೋರು ನೆಟ್ಟಗೆ ನಿಲ್ಲೋದು. ಹೈದರಾಬಾದಲ್ಲಿ ಚಂಚಲಗೂಡ ಜೈಲಿನ ಹತ್ರ ಜೈಲು ಇಲಾಖೆಯೋರೇ ಪೆಟ್ರೋಲ್ ಬಂಕ್ ನಡೆಸ್ತಾರೆ, ಅಲ್ಲಿ ಪೆಟ್ರೋಲ್ ಹಾಕೋನು ಯಾರು ಅಂತ ಗಾಡಿ ನಿಲ್ಲಿಸೋನಿಗೂ ಗೊತ್ತು. ದೆಹಲಿಯ ತಿಹಾರ್ ಜೈಲಲ್ಲಿ 2011ರಿಂದ ಕಂಪನಿಯೋರು ಜೈಲೊಳಗೇ ಬಂದು ಇಂಟರ್‌ವ್ಯೂ ಮಾಡಿ ಕೆಲಸಕ್ಕೆ ತಗೊಂಡಿದಾರೆ, ಎಲ್ಲಿದ್ದೆ ಅಂತ ಕೇಳೋ ಪ್ರಶ್ನೆನೇ ಇಲ್ಲ. ನಮ್ಮ ಮೈಸೂರು ಜೈಲಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಮಾಡಿಸ್ತಿದ್ರು, ನನಗೆ ಡೈಲಾಗ್ ಬರ್ತಿರ್ಲಿಲ್ಲ, ಸೆಟ್ ಹೊರ್ತಿದ್ದೆ. ಹೊರಗೆ ಶೋ ಇದ್ದಾಗ ಪೊಲೀಸ್ ಕಾವಲಲ್ಲೇ ಹೋಗೋದು, ಇವರೆಲ್ಲ ಸಜಾ ಬಂಧಿಗಳು ಅಂತ ಗೊತ್ತಿದ್ದೂ ಜನ ಎದ್ದು ಚಪ್ಪಾಳೆ ಹೊಡೆಯೋರು. ಅದನ್ನ ಕಣ್ಣಾರೆ ನೋಡಿದ ಮೇಲೂ ನಾನು ಕುವೈತ್ ಅಂದೆ ಅಂದ್ರೆ ನನ್ನ ಬುದ್ಧಿಗೆ ಏನು ಹೇಳ್ತೀರ.

ನನ್ನ ಎತ್ತಿದ್ದು ರುಡ್‌ಸೆಟ್, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡೋ ಸಂಸ್ಥೆ. ಧರ್ಮಸ್ಥಳದ ಟ್ರಸ್ಟ್ ಮತ್ತೆ ಆಗಿನ ಸಿಂಡಿಕೇಟ್, ಕೆನರಾ ಬ್ಯಾಂಕ್‌ನೋರು ಸೇರಿ 1982ರಲ್ಲಿ ಉಜಿರೆಲಿ ಶುರು ಮಾಡಿದ್ದು, ಈಗ ಅದೇ ಮಾದರಿಲಿ ಆರ್‌ಸೆಟಿ ಅಂತ ಜಿಲ್ಲೆ ಜಿಲ್ಲೆಲೂ ಇದೆ. ಊಟ ವಸತಿ ಎಲ್ಲ ಫ್ರೀ. ನಮ್ಮ ತಾಲೂಕಿನ ಹಾಲಿನ ಡೈರಿ ಸೆಕ್ರೆಟರಿ ನನ್ನ ಕೇಸೆಲ್ಲ ಬಲ್ಲೋರು, ಅವರೇ ಮೋಟರ್ ರಿವೈಂಡಿಂಗ್ ತರಬೇತಿಗೆ ಅರ್ಜಿ ತಂದುಕೊಟ್ರು, 30 ದಿನ. ಸಂದರ್ಶನದಲ್ಲಿ ಕೂತ ತಕ್ಷಣ ಅವರು ಕೇಳೋ ಮುಂಚೆ ನಾನೇ ಹೇಳ್ದೆ, ಸರ್ ನಾನು ಜೈಲಲ್ಲಿದ್ದೋನು ಅಂತ. ಅವರು ತಲೆ ಎತ್ತಿ ನೋಡಿ ಆಧಾರ್ ಜೆರಾಕ್ಸ್ ಎಲ್ಲಿ ಅಂದ್ರು. ಅಷ್ಟೇ ಆಗಿದ್ದು.

ಈಗ ನಮ್ಮೂರಿಂದ 9 ಕಿಲೋಮೀಟರ್ ದೂರದ ಹೋಬಳಿಲಿ ಸ್ವಂತ ಅಂಗಡಿ, ಬೋರ್‌ವೆಲ್ ಮೋಟರ್ ಕಟ್ತೀನಿ. ಸುತ್ತ ಎಲ್ಲರಿಗೂ ನನ್ನ ಚರಿತ್ರೆ ಗೊತ್ತು. ಮೊದಲ ಆರು ತಿಂಗಳು ನೊಣ ಹೊಡ್ಕೊಂಡು ಕೂತಿದ್ದೆ ನಿಜ. ಆದ್ರೆ ಏಪ್ರಿಲ್‌ನಲ್ಲಿ ಮೋಟ್ರು ಸುಟ್ಟು ಟೊಮೇಟೊ ಬಾಡ್ತಿರೋವಾಗ ರಿಪೇರಿ ಮಾಡೋನ ಜಾತಕ ಯಾರೂ ಕೇಳಲ್ಲ. ಊರೊಳಗೆ ಮಾತ್ರ ಅಂಗಡಿ ಇಡಲಿಲ್ಲ, ಸತ್ತೋರ ಅಮ್ಮ ದಿನಾ ನನ್ನ ಮುಖ ನೋಡೋ ಹಾಗೆ ಮಾಡೋದು ಬೇಡ ಅಂತ. ನಿಮ್ಮ ತಮ್ಮನ ಕೇಸಲ್ಲೂ ಎದುರು ಪಾರ್ಟಿ ಅದೇ ಊರಿನೋರಾದ್ರೆ ಅಷ್ಟು ದೂರ ಇಟ್ಕೊಳ್ಳಿ. ಅದು ಬಚ್ಚಿಟ್ಕೊಳ್ಳೋದಲ್ಲ, ಮರ್ಯಾದೆ.

ಇವತ್ತೇ ಮಾಡಬೇಕಾದ್ದು ಎರಡು. ಡಿಎಲ್ ಇದ್ರೆ ಎಕ್ಸ್‌ಪೈರಿ ಡೇಟ್ ನೋಡಿ, ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡ್ಬೇಕು. ಆಮೇಲೆ ಒಳಗೆ ದುಡಿದ ಕೂಲಿ ಎಷ್ಟು ಜಮಾ ಆಗಿದೆ ಅಂತ ಕೇಳಿ. ನಮ್ಮ ಕಾಲದಲ್ಲಿ ಬಹಳ ಕಮ್ಮಿ ಇತ್ತು, ಕರ್ನಾಟಕದಲ್ಲಿ ಆಮೇಲೆ ದಿನಕ್ಕೆ 524ರಿಂದ 663 ರೂಪಾಯಿವರೆಗೂ ಏರಿಸಿದ್ರು. ಕೊನೆ ವರ್ಷಗಳಲ್ಲಿ ದುಡಿದಿದ್ರೆ ಟೂಲ್ ಕಿಟ್‌ಗೆ ಆಗೋವಷ್ಟು ಇರುತ್ತೆ, ಅದನ್ನ ಹಳೇ ಸಾಲಕ್ಕೆ ಕೊಡೋಕೆ ಬಿಡಬೇಡಿ.

ಆ ಹುಡುಗನ 80 ಸಾವಿರ ನಾನೇ ಕಟ್ತಿದೀನಿ, ಆದ ತಿಂಗಳು ಎರಡು ಸಾವಿರ, ಆಗದಿದ್ರೆ ಒಂದು. ಯಾರೂ ಕೇಳಿದ್ದಲ್ಲ. ಇನ್ನು ಒಂಬತ್ತು ಸಾವಿರ ಬಾಕಿ. ಫೋನ್‌ಪೇ ಮಾಡಲ್ಲ, ಬಸ್ ಹತ್ತಿ ಅಂಗಡಿಗೇ ಹೋಗಿ ಕ್ಯಾಶ್ ಟೇಬಲ್ ಮೇಲಿಡ್ತೀನಿ. ಯಜಮಾನರು ಇವತ್ತಿಗೂ ನನ್ನೆದುರಿಗೇ ಎರಡು ಸಲ ಎಣಿಸ್ತಾರೆ.