ತನ್ನನ್ನು ತಾನೇ ನಂಬಿಸಿಕೊಳ್ಳುವ ಕ್ರಿಯಾಪದ

ಪ್ರಶ್ನೆ: 'ಡಿಸೀವ್', 'ಡಿಲೂಡ್' ಎರಡಕ್ಕೂ ನಿಘಂಟಿನಲ್ಲಿ 'ವಂಚಿಸು, ಮೋಸಗೊಳಿಸು' ಎಂಬ ಅರ್ಥವೇ ಇದೆ. ತಾನೇ ಗೆಲ್ಲುತ್ತೇನೆಂದು ಒಬ್ಬ ಭ್ರಮಿಸಿದ ಎನ್ನಲು ನಾನು 'ಹಿ ಡಿಲೂಡೆಡ್ ದಟ್ ಹಿ ವುಡ್ ವಿನ್' ಎಂದು ಬರೆದೆ. ಅಧ್ಯಾಪಕರು ಅದನ್ನು ತಪ್ಪೆಂದರು. ಏಕೆ?

ಉತ್ತರ: ನಿಮ್ಮ ವಾಕ್ಯದಲ್ಲಿ ಕರ್ಮಪದವಿಲ್ಲ. 'ಡಿಲೂಡ್' ಸಕರ್ಮಕ ಕ್ರಿಯಾಪದವಾದ್ದರಿಂದ ಯಾರನ್ನು ಭ್ರಮೆಗೆ ಕೆಡವಲಾಯಿತು ಎಂಬುದನ್ನು ಅದು ಕೇಳಿಯೇ ಕೇಳುತ್ತದೆ. ಕನ್ನಡದಲ್ಲಿ 'ನಂಬಿಸಿಕೊಂಡ' ಎಂದರೆ ಸಾಕು, 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದವೇ ಆ ಕೆಲಸವು ಮಾಡಿದವನ ಕಡೆಗೇ ತಿರುಗಿತೆಂದು ತಿಳಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯೇಕ ರೂಪವಿಲ್ಲದ ಕಾರಣ 'ಹಿಮ್‌ಸೆಲ್ಫ್' ಎಂಬ ಪದವೇ ಆ ಹೊಣೆಯನ್ನು ಹೊರಬೇಕು. ಆದ್ದರಿಂದ 'ಹಿ ಡಿಲೂಡೆಡ್ ಹಿಮ್‌ಸೆಲ್ಫ್ ಇಂಟು ಬಿಲೀವಿಂಗ್ ದಟ್ ಹಿ ವುಡ್ ವಿನ್' ಎಂಬುದು ಸರಿಯಾದ ವಾಕ್ಯ. ಇಲ್ಲಿ 'ಇಂಟು' ಆದ ಮೇಲೆ 'ಬಿಲೀವ್' ಎಂಬ ಮೂಲರೂಪವನ್ನು ಬಳಸುವಂತಿಲ್ಲ. ಕನ್ನಡಿಗರ ಇಂಗ್ಲಿಷ್ ಬರಹದಲ್ಲಿ 'ಹಿಮ್‌ಸೆಲ್ಫ್' ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದು ಅಜಾಗರೂಕತೆಯಲ್ಲ, ನಮ್ಮ ವ್ಯಾಕರಣದ ರೂಢಿ ಎಂದೇ ನನ್ನ ಅಭಿಪ್ರಾಯ.

ಇನ್ನು ಎರಡು ಪದಗಳ ಅಂತರ. 'ಡಿಸೀವ್' ಪದದ ಹಿಂದೆ ಹಿಡಿಯುವುದೆಂಬ ಅರ್ಥದ ಲ್ಯಾಟಿನ್ 'ಕಾಪೆರೆ' ಇದೆ, 'ಡಿಲೂಡ್' ಪದದ ಹಿಂದೆ ಆಡುವುದೆಂಬ ಅರ್ಥದ 'ಲೂಡೆರೆ' ಇದೆ. ಒಂದು ಬಲೆಗೆ ಕೆಡವುವುದು, ಇನ್ನೊಂದು ಕನ್ನಡದಲ್ಲಿ ನಾವು ಹೇಳುವ 'ಆಟವಾಡಿಸುವುದು'. 'ಇಲ್ಯೂಷನ್' ಎಂಬ ಪದವೂ ಈ ಎರಡನೆಯ ಬೇರಿನದೇ. ಸತ್ಯವನ್ನು ಮರೆಮಾಡಿ ಇನ್ನೊಬ್ಬರನ್ನು ದಾರಿತಪ್ಪಿಸಿದ ಕೃತ್ಯವನ್ನು ಹೇಳುವಾಗ 'ಡಿಸೀವ್' ಸಹಜವಾಗಿ ಬರುತ್ತದೆ. 'ಡಿಲೂಡ್' ಎಂದಾಗ ಗಮನವೆಲ್ಲ ಸುಳ್ಳು ನಂಬಿಕೆ ಬೇರೂರಿದ ಮನಸ್ಸಿನ ಮೇಲೆ ಇರುತ್ತದೆ, ಬಿತ್ತಿದವರು ಇತರರೂ ಆಗಿರಬಹುದು, ಅವನೇ ಆಗಿರಬಹುದು. 'ಡಿಸೀವ್' ಜೊತೆಗೂ 'ಹಿಮ್‌ಸೆಲ್ಫ್' ಬಳಸಬಹುದು, ಆದರೆ ಹಾಗೆ ಬಳಸಿದಾಗ ಒಳಗೆಲ್ಲೋ ನಿಜ ಗೊತ್ತಿತ್ತೆಂಬ ಸುಳಿವು ಹೆಚ್ಚೆಂದು ನನಗನ್ನಿಸುತ್ತದೆ. ಹಣ ಅಥವಾ ಪರೀಕ್ಷೆಯ ಮೋಸಕ್ಕಾದರೆ 'ಚೀಟ್' ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 'ಯು ಆರ್ ಡಿಲೂಡೆಡ್' ಎಂಬ ಮಾತು 'ನೀವು ತಪ್ಪು ತಿಳಿದಿದ್ದೀರಿ' ಎನ್ನುವುದಕ್ಕಿಂತ ಬಹಳ ಕಟುವಾದದ್ದು. ಎಷ್ಟೇ ಪುರಾವೆ ಕೊಟ್ಟರೂ ಅಲುಗದ ಸುಳ್ಳು ನಂಬಿಕೆಯನ್ನು ಮನೋವೈದ್ಯರು 'ಡಿಲ್ಯೂಷನ್' ಎನ್ನುತ್ತಾರೆ, ಆ ಛಾಯೆ ಈ ಮಾತಿಗೂ ತಾಗಿಕೊಂಡಿರುತ್ತದೆ. ಬರಿಯ ತಪ್ಪು ತಿಳಿವಳಿಕೆಯಾಗಿದ್ದರೆ 'ಮಿಸ್ಟೇಕನ್' ಎಂದು ಬರೆಯಿರಿ.