ಗರ್ಭಪಾತವನ್ನು ಕಾನೂನುಬದ್ಧಗೊಳಿಸುವುದನ್ನು ಕಥೋಲಿಕರು ವಿರೋಧಿಸುವುದೇಕೆ?

ಗರ್ಭಪಾತವು ಪಾಪವೆಂದು ನಂಬುವ ಕಥೋಲಿಕರು ತಾವು ಅದರಿಂದ ದೂರವಿದ್ದರೆ ಸಾಲದೇ, ಆ ನಂಬಿಕೆಯಿಲ್ಲದವರಿಗೂ ಕಾನೂನು ಅದನ್ನು ನಿರಾಕರಿಸಬೇಕೆಂದು ಏಕೆ ಒತ್ತಾಯಿಸುತ್ತಾರೆ, ಅದು ಧರ್ಮವನ್ನು ಪರರ ಮೇಲೆ ಹೇರಿದಂತಲ್ಲವೇ ಎಂದು ತಾವು ಕೇಳಿದ್ದೀರಿ. ನಾನು ಕಥೋಲಿಕ ಧರ್ಮಸಭೆಗೆ ಸೇರಿದವಳು. ಈ ವಿಷಯದಲ್ಲಿ ಅದರ ಬೋಧನೆಯನ್ನು ಮನಃಪೂರ್ವಕವಾಗಿ ಒಪ್ಪಿದವಳು. ಎಲ್ಲ ಕಥೋಲಿಕರೂ ನನ್ನಂತೆ ಯೋಚಿಸುತ್ತಾರೆಂದು ಹೇಳಲಾರೆ. ಗರ್ಭಪಾತಕ್ಕೆ ಕಾನೂನಿನ ಅವಕಾಶವಿರಬೇಕೆನ್ನುವವರು ನಮ್ಮಲ್ಲಿಯೂ ಬಹಳ ಮಂದಿ ಇದ್ದಾರೆ. ನಾನಿಲ್ಲಿ ವಿವರಿಸುತ್ತಿರುವುದು ಧರ್ಮಸಭೆಯ ಬೋಧನೆಯನ್ನು, ಮತ್ತು ಅದು ನನಗೆ ಸರಿಯೆನಿಸಲು ಇರುವ ಕಾರಣಗಳನ್ನು.

ಪಾಪವಾದದ್ದೆಲ್ಲವೂ ಅಪರಾಧವಾಗಬೇಕೆಂದು ಧರ್ಮಸಭೆ ಕೇಳುವುದಿಲ್ಲ. ಸಕಾರಣವಿಲ್ಲದೆ ಭಾನುವಾರದ ಬಲಿಪೂಜೆಯನ್ನು, ಅಂದರೆ ಚರ್ಚಿನ ಮುಖ್ಯ ಆರಾಧನೆಯನ್ನು, ತಪ್ಪಿಸುವುದು ನಮಗೆ ಗಂಭೀರವಾದ ಪಾಪ. ಹಾಗೆಂದು ತಪ್ಪಿಸಿದವರಿಗೆ ಸರ್ಕಾರ ದಂಡ ವಿಧಿಸಲೆಂದು ನಾವು ಬೇಡುವುದಿಲ್ಲ. ಮಾನವ ನಿರ್ಮಿತ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲು ಹೋಗಬಾರದು, ಮುಖ್ಯವಾಗಿ ಇತರರಿಗೆ ಹಾನಿ ತರುವಂಥವನ್ನು, ಯಾವುದನ್ನು ತಡೆಯದಿದ್ದರೆ ಸಮಾಜವೇ ಉಳಿಯಲಾರದೋ ಅಂಥವನ್ನು ಮಾತ್ರ ತಡೆಯಬೇಕು ಎಂದು 13ನೇ ಶತಮಾನದಲ್ಲಿಯೇ ದೇವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರು ಬರೆದರು. ಅದಕ್ಕೆ ಅವರು ಕೊಟ್ಟ ಉದಾಹರಣೆಗಳು ಕೊಲೆ ಮತ್ತು ಕಳ್ಳತನ. ಇದೇ ವಿವೇಕವನ್ನು ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿಯೂ ಕಾಣಬಹುದು. 1965ರ ಡಿಸೆಂಬರ್ 7ರಂದು ಅದು ಹೊರಡಿಸಿದ ದಾಖಲೆಗಳಲ್ಲಿ ಒಂದು, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದೆಂದು ಸಾರುವ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ; ಅದೇ ದಿನ ಹೊರಬಂದ ಇನ್ನೊಂದು, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತದ್ದು, ಗರ್ಭಪಾತವನ್ನೂ ಶಿಶುಹತ್ಯೆಯನ್ನೂ ಘೋರ ಅಪರಾಧಗಳೆಂದು ಕರೆಯಿತು. ಒಂದೇ ದಿನ ಎರಡನ್ನೂ ಹೇಳಿದವರಿಗೆ ಅವುಗಳ ನಡುವೆ ವಿರೋಧವೇನೂ ಕಾಣಲಿಲ್ಲ, ಏಕೆಂದರೆ ಮೊದಲನೆಯದು ಮನುಷ್ಯನಿಗೂ ದೇವರಿಗೂ ಇರುವ ಸಂಬಂಧಕ್ಕೆ ಸೇರಿದ್ದು, ಎರಡನೆಯದು ಒಬ್ಬ ಮನುಷ್ಯನಿಗೆ ಇನ್ನೊಬ್ಬರಿಂದ ಸಲ್ಲಬೇಕಾದ ನ್ಯಾಯಕ್ಕೆ ಸೇರಿದ್ದು.

ಹಾಗಾದರೆ ಗರ್ಭದಲ್ಲಿರುವುದು ಆ 'ಇನ್ನೊಬ್ಬರ' ಲೆಕ್ಕಕ್ಕೆ ಬರುತ್ತದೆಯೇ ಎಂಬುದೇ ನಿರ್ಣಾಯಕವಾದ ಪ್ರಶ್ನೆ. ಧರ್ಮಸಭೆಯ ಚರಿತ್ರೆಯಲ್ಲಿ ಇದರ ಬಗ್ಗೆ ಇದ್ದ ಗೊಂದಲವನ್ನು ಮರೆಮಾಚುವ ಅಗತ್ಯ ನನಗೆ ಕಾಣುವುದಿಲ್ಲ. ಆದಿ ಕ್ರೈಸ್ತರ ಕೈಪಿಡಿಯಾದ ದಿದಾಖೆಯೇ ಗರ್ಭಪಾತವನ್ನು ನೇರವಾಗಿ ನಿಷೇಧಿಸಿತ್ತು. ಆದರೆ ಅರಿಸ್ಟಾಟಲನ ಜೀವವಿಜ್ಞಾನವನ್ನು ಅನುಸರಿಸಿದ ಮಧ್ಯಯುಗದ ಪಂಡಿತರು, ಅಕ್ವಿನಾಸರೂ ಸೇರಿದಂತೆ, ಭ್ರೂಣಕ್ಕೆ ಮಾನವ ಆತ್ಮವು ಗರ್ಭಧಾರಣೆಯಾದ ಕೆಲವು ವಾರಗಳ ನಂತರ ಬರುತ್ತದೆಂದು ತಿಳಿದಿದ್ದರು. ಅದಕ್ಕೆ ತಕ್ಕಂತೆ ಧರ್ಮಸಭೆಯ ಶಿಕ್ಷೆಗಳೂ ಬದಲಾಗುತ್ತಿದ್ದವು: 1588ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಎಲ್ಲ ಹಂತಗಳಿಗೂ ಒಂದೇ ಕಠಿಣ ಶಿಕ್ಷೆಯನ್ನು ಗೊತ್ತುಮಾಡಿದರು, 1591ರಲ್ಲಿ ಹದಿನಾಲ್ಕನೇ ಗ್ರೆಗೊರಿ ಅದನ್ನು ಸಡಿಲಿಸಿದರು, 1869ರಲ್ಲಿ ಒಂಬತ್ತನೇ ಪಿಯುಸ್ ಆ ಹಂತಗಳ ಭೇದವನ್ನೇ ಕೈಬಿಟ್ಟರು. ಇದನ್ನು ತೋರಿಸಿ ಧರ್ಮಸಭೆಯ ಬೋಧನೆಯೇ ಬದಲಾಯಿತೆಂದು ವಾದಿಸುವವರಿದ್ದಾರೆ. ಬದಲಾದದ್ದು ಶಿಕ್ಷೆಯ ಪ್ರಮಾಣ ಮತ್ತು ಶರೀರದ ಬಗೆಗಿನ ತಿಳಿವಳಿಕೆ. ಆತ್ಮ ತಡವಾಗಿ ಬರುತ್ತದೆಂದು ನಂಬಿದ್ದವರೂ ಅದಕ್ಕೆ ಮೊದಲಿನ ಗರ್ಭಪಾತವನ್ನು ಗಂಭೀರ ಪಾಪವೆಂದೇ ಎಣಿಸಿದ್ದರು.

ಇಂದಿನ ವಾದವು ಆತ್ಮ ಯಾವ ಕ್ಷಣ ಬರುತ್ತದೆಂಬುದನ್ನು ನೆಚ್ಚಿಕೊಂಡಿಲ್ಲವೆಂಬುದು ಅನೇಕರಿಗೆ ತಿಳಿಯದು. ಗರ್ಭಪಾತದ ಬಗ್ಗೆ ವ್ಯಾಟಿಕನ್ 1974ರಲ್ಲಿ ಹೊರಡಿಸಿದ ಘೋಷಣೆ ಆ ತಾತ್ವಿಕ ಪ್ರಶ್ನೆಯನ್ನು ಬೇಕೆಂದೇ ಬದಿಗಿರಿಸಿತು. ಗರ್ಭಧಾರಣೆಯಾದಾಗ ತಾಯಿಯದ್ದಾಗಲಿ ತಂದೆಯದ್ದಾಗಲಿ ಅಲ್ಲದ, ತನ್ನದೇ ಬೆಳವಣಿಗೆಯ ದಾರಿಯುಳ್ಳ ಹೊಸ ಮಾನವ ಜೀವವೊಂದು ಆರಂಭವಾಗುತ್ತದೆ. ಅನಂತರದ ಬೆಳವಣಿಗೆಯಲ್ಲಿ ಎಲ್ಲಿ ಗೆರೆ ಎಳೆದರೂ, ಹೃದಯದ ಬಡಿತಕ್ಕಾಗಲಿ, ಹೊರಗೆ ಬದುಕಬಲ್ಲ ಶಕ್ತಿಗಾಗಲಿ, ಪ್ರಜ್ಞೆಗಾಗಲಿ, ಆ ಗೆರೆ ಜೀವದ ಒಂದು ಸಾಮರ್ಥ್ಯವನ್ನು ಅಳೆಯುತ್ತದೆಯೇ ಹೊರತು ಅದು ಯಾರೆಂಬುದನ್ನು ತೀರ್ಮಾನಿಸುವುದಿಲ್ಲ. ಇಷ್ಟರ ಮೇಲೂ ಸಂಶಯ ಉಳಿದರೆ, ಅಲ್ಲಿ ಒಬ್ಬ ವ್ಯಕ್ತಿ ಇರಬಹುದೆಂಬ ಸಂಭವವೊಂದೇ ಕೊಲ್ಲದಿರಲು ಸಾಕಾದ ಕಾರಣವೆಂದು ಪೋಪ್ ಎರಡನೇ ಜಾನ್ ಪಾಲ್ 1995ರ ಮಾರ್ಚ್ 25ರಂದು ಹೊರಡಿಸಿದ 'ಎವಾಂಜೆಲಿಯುಮ್ ವೀಟೆ' ಎಂಬ ವಿಶ್ವಪತ್ರದಲ್ಲಿ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಬೋಧನಾ ಪತ್ರದಲ್ಲಿ) ಹೇಳಿದರು. ಈ ತರ್ಕವನ್ನು ಒಪ್ಪಲು ಜ್ಞಾನಸ್ನಾನ ಪಡೆದಿರಬೇಕಾಗಿಲ್ಲ. ಅದನ್ನು ಅಲ್ಲಗಳೆಯುವವರೂ ಧರ್ಮದ ಮಾತನ್ನು ಎತ್ತದೆಯೇ ಅಲ್ಲಗಳೆಯಬಹುದು.

ತಮ್ಮ ಪ್ರಶ್ನೆಯ ಅತ್ಯಂತ ಪ್ರಸಿದ್ಧ ರೂಪವು ಕಥೋಲಿಕರಿಂದಲೇ ಬಂದದ್ದು. ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದ ಮಾರಿಯೋ ಕ್ವೋಮೋ 1984ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ಧರ್ಮಸಭೆಯ ಬೋಧನೆಯನ್ನು ತಾವು ಸ್ವತಃ ಒಪ್ಪಿದರೂ, ಹಲವು ನಂಬಿಕೆಗಳ ಸಮಾಜದಲ್ಲಿ ಒಮ್ಮತವಿಲ್ಲದಿರುವಾಗ ಅದನ್ನು ಕಾನೂನಾಗಿಸುವ ಕಟ್ಟುಪಾಡು ತಮಗಿಲ್ಲವೆಂದು ವಾದಿಸಿದರು. ಗೌರವದಿಂದ ಓದಬೇಕಾದ ಭಾಷಣ ಅದು, ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಗರ್ಭಪಾತವನ್ನು ಒಬ್ಬರು ಸ್ವತಃ ವಿರೋಧಿಸುವುದು ಅದು ಒಂದು ಮಾನವ ಜೀವವನ್ನು ಕೊನೆಗೊಳಿಸುತ್ತದೆಂಬ ಕಾರಣಕ್ಕಾದರೆ, ಆ ಕಾರಣವೇ ಅದನ್ನು ಖಾಸಗಿ ಆಯ್ಕೆಯಾಗಿ ಉಳಿಯಲು ಬಿಡುವುದಿಲ್ಲ. ಒಮ್ಮತವಿಲ್ಲವೆಂಬ ಕಾರಣಕ್ಕೆ ದುರ್ಬಲರ ರಕ್ಷಣೆಯನ್ನು ಮುಂದೂಡಿದ್ದರೆ ಗುಲಾಮಗಿರಿಯ ನಿಷೇಧವೂ ಕಾಯುತ್ತಲೇ ಇರಬೇಕಾಗಿತ್ತು.

ಇದಕ್ಕಿಂತ ಬಹಳ ಗಟ್ಟಿಯಾದ ಆಕ್ಷೇಪವೆಂದರೆ ಹೆಣ್ಣಿನ ದೇಹದ್ದು. ಬೇರೆ ಯಾವ ಸಂದರ್ಭದಲ್ಲಿಯೂ ಒಬ್ಬರ ಜೀವವನ್ನು ಉಳಿಸಲು ಇನ್ನೊಬ್ಬರ ಶರೀರವನ್ನು ತಿಂಗಳುಗಟ್ಟಲೆ ಒಡ್ಡಬೇಕೆಂದು ಕಾನೂನು ಕೇಳುವುದಿಲ್ಲ ಎಂಬುದು ನಿಜ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವ ಕಥೋಲಿಕರ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ನಮ್ಮ ಉತ್ತರವೆಂದರೆ, ತಾಯಿ ಮತ್ತು ಮಗುವಿನ ಸಂಬಂಧವು ಅಪರಿಚಿತರಿಬ್ಬರ ನಡುವಿನ ಒಪ್ಪಂದದಂಥದ್ದಲ್ಲ, ಹೆತ್ತವರಿಗೆ ಮಕ್ಕಳ ಬಗ್ಗೆ ಇರುವ ಹೊಣೆ ಒಪ್ಪಿಗೆಯಿಂದಷ್ಟೇ ಹುಟ್ಟುವುದಿಲ್ಲ, ಮತ್ತು ಸಹಾಯವನ್ನು ಕೊಡದಿರುವುದಕ್ಕೂ ನೇರವಾಗಿ ಕೊಲ್ಲುವುದಕ್ಕೂ ವ್ಯತ್ಯಾಸವಿದೆ. ಈ ಉತ್ತರ ಸರಿಯೆಂದು ನಾನು ನಂಬುತ್ತೇನೆ; ಆದರೆ ಅದರ ಬೆಲೆಯನ್ನು ತೆರುವವಳು ಹೆಣ್ಣೊಬ್ಬಳೇ ಆಗಿಬಿಟ್ಟರೆ ನಾವು ನ್ಯಾಯದ ಹೆಸರಿನಲ್ಲಿ ಇನ್ನೊಂದು ಅನ್ಯಾಯವನ್ನು ಮಾಡಿದಂತೆ. ಎರಡನೇ ಜಾನ್ ಪಾಲರ ಅದೇ ವಿಶ್ವಪತ್ರವು ತಪ್ಪಿನ ಹೊಣೆಯನ್ನು ತಾಯಿಯ ತಲೆಗೇ ಕಟ್ಟುವುದಿಲ್ಲ: ಒತ್ತಾಯಿಸುವ ಅಥವಾ ಕೈಬಿಟ್ಟು ಹೋಗುವ ಗಂಡಸು, ಒತ್ತಡ ತರುವ ಕುಟುಂಬ ಮತ್ತು ಸ್ನೇಹಿತರು, ವೈದ್ಯರು, ಶಾಸನ ರೂಪಿಸುವವರು, ಕುಟುಂಬಗಳಿಗೆ ಆಸರೆಯಾಗಬೇಕಿದ್ದೂ ಆಗದ ವ್ಯವಸ್ಥೆಗಳು ಎಲ್ಲವನ್ನೂ ಅದು ಹೆಸರಿಸುತ್ತದೆ. ಹೆರಿಗೆಯ ಆರೈಕೆ, ಸಂಬಳ ಸಹಿತ ರಜೆ, ಒಂಟಿ ತಾಯಿಗೆ ಮನೆ ಮತ್ತು ಮರ್ಯಾದೆ, ತಂದೆಯಿಂದ ಜೀವನಾಂಶ, ಅಂಗವೈಕಲ್ಯವಿರುವ ಮಗುವಿಗೆ ಜೀವನವಿಡೀ ನೆರವು ಇವಕ್ಕಾಗಿ ಹೋರಾಡದೆ ನಿಷೇಧಕ್ಕಾಗಿ ಮಾತ್ರ ಹೋರಾಡುವವರು ನಮ್ಮ ಬೋಧನೆಯ ಅರ್ಧವನ್ನಷ್ಟೇ ಓದಿದ್ದಾರೆ. 1983ರಲ್ಲಿ ಅಮೆರಿಕದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಗರ್ಭಪಾತ, ಯುದ್ಧ, ಮರಣದಂಡನೆಗಳನ್ನು ಒಂದೇ ನೈತಿಕ ದೃಷ್ಟಿಯಿಂದ ನೋಡಬೇಕೆಂದದ್ದೂ, 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿದ್ದೂ ಇದೇ ಸಾಲಿಗೆ ಸೇರುತ್ತವೆ.

ತಾಯಿಯ ಪ್ರಾಣಕ್ಕೇ ಅಪಾಯ ಬಂದಾಗ ಏನೆಂದು ಕೇಳುವವರು ಬಹಳ. ಗರ್ಭಕೋಶದ ಕ್ಯಾನ್ಸರಿಗೆ ಚಿಕಿತ್ಸೆ ನೀಡುವಾಗ ಮಗು ಉಳಿಯದೆ ಹೋದರೆ, ಆ ಸಾವನ್ನು ಮುಂಗಂಡಿದ್ದರೂ ಅದು ಉದ್ದೇಶವಾಗಿರಲಿಲ್ಲವಾದ್ದರಿಂದ ಆ ಚಿಕಿತ್ಸೆಗೆ ಅನುಮತಿಯಿದೆ. ಗರ್ಭನಾಳದಲ್ಲಿ ಬೆಳೆದ ಗರ್ಭಕ್ಕೆ ಯಾವ ಚಿಕಿತ್ಸೆ ಈ ತತ್ತ್ವಕ್ಕೆ ಹೊಂದುತ್ತದೆಂಬುದರಲ್ಲಿ ಕಥೋಲಿಕ ನೀತಿಶಾಸ್ತ್ರಜ್ಞರಲ್ಲಿಯೇ ಭಿನ್ನಾಭಿಪ್ರಾಯವಿದೆ, ಆದರೆ ತಾಯಿಯನ್ನು ಸಾಯಲು ಬಿಡಬೇಕೆಂದು ಅವರು ಹೇಳುವುದಿಲ್ಲ. ವೈದ್ಯರು ಜೈಲಿಗೆ ಹೆದರಿ ಕೈಕಟ್ಟಿ ನಿಲ್ಲುವಂತೆ ಅಸ್ಪಷ್ಟವಾಗಿ ಬರೆದ ಕಾನೂನು, ನನ್ನ ಅಭಿಪ್ರಾಯದಲ್ಲಿ, ಜೀವವನ್ನು ರಕ್ಷಿಸುವ ಕಾನೂನಲ್ಲ. ಅತ್ಯಾಚಾರದಿಂದಾದ ಗರ್ಭದ ವಿಷಯ ಇನ್ನೂ ಕಠಿಣ. ಧರ್ಮಸಭೆ ಅಲ್ಲಿಯೂ ಮಗುವಿನ ಜೀವವನ್ನು ತೆಗೆಯಲಾಗದೆನ್ನುತ್ತದೆ, ಏಕೆಂದರೆ ತಂದೆಯ ಅಪರಾಧಕ್ಕೆ ಮಗು ಹೊಣೆಯಲ್ಲ. ಆ ಹೆಣ್ಣಿನ ಮುಂದೆ ನಿಂತು ಈ ಮಾತನ್ನು ಹೇಳುವವರು ಅವಳ ಜೊತೆ ಕಡೆಯವರೆಗೂ ನಡೆಯಲು ಸಿದ್ಧರಿರಬೇಕು.

ಕಾನೂನು ಯಾರನ್ನು ಎಷ್ಟು ಶಿಕ್ಷಿಸಬೇಕೆಂಬುದು ಬೇರೆಯೇ ಪ್ರಶ್ನೆ. ಕಾನೂನು ಶಿಕ್ಷೆಯನ್ನು ಕೈಬಿಡಬಹುದು, ಆದರೆ ತಪ್ಪನ್ನು ಹಕ್ಕೆಂದು ಘೋಷಿಸಲಾಗದು ಎಂಬುದು 1974ರ ಘೋಷಣೆಯ ನಿಲುವು. ಗರ್ಭಪಾತ ಮಾಡಿಸಿಕೊಂಡ ಹೆಣ್ಣನ್ನು ಜೈಲಿಗೆ ಕಳುಹಿಸಬೇಕೆಂದು ನಾನು ಬಯಸುವುದಿಲ್ಲ. ಧರ್ಮಸಭೆಯ ಕಾನೂನು ಸಂಹಿತೆ ಗರ್ಭಪಾತಕ್ಕೆ ತಾನಾಗಿಯೇ ತಗಲುವ ಬಹಿಷ್ಕಾರವನ್ನು (ಧರ್ಮಸಭೆಯ ಸಂಸ್ಕಾರಗಳಿಂದ ದೂರವಿಡುವ ಶಿಕ್ಷೆಯನ್ನು) ವಿಧಿಸುತ್ತದೆ, ನಿಜ. ಆದರೆ 16 ವರ್ಷ ತುಂಬದವರಿಗೆ ಅದು ತಗಲುವುದಿಲ್ಲ, ಅಂಥ ಶಿಕ್ಷೆಯಿದೆಯೆಂದು ತಮ್ಮ ತಪ್ಪಿಲ್ಲದೆ ತಿಳಿಯದವರಿಗೂ, ತೀವ್ರ ಭಯದಿಂದ ಹಾಗೆ ಮಾಡಿದವರಿಗೂ ತಾನಾಗಿ ತಗಲುವುದಿಲ್ಲ. 2016ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್, ಪಾಪನಿವೇದನೆಯಲ್ಲಿ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಧರ್ಮಗುರುಗಳಿಗೂ ಕಾಯಂ ಆಗಿ ಕೊಟ್ಟರು. ಗರ್ಭಪಾತ ಮಾಡಿಸಿಕೊಂಡ ಮಹಿಳೆಯರನ್ನು ಉದ್ದೇಶಿಸಿ ಎರಡನೇ ಜಾನ್ ಪಾಲ್ ಆ ವಿಶ್ವಪತ್ರದ ಕೊನೆಯ ಭಾಗದಲ್ಲಿ ನೇರವಾಗಿ ಮಾತನಾಡುತ್ತಾರೆ: ಅವರ ನಿರ್ಧಾರದ ಹಿಂದಿರುವ ನೋವನ್ನು ಧರ್ಮಸಭೆ ಬಲ್ಲದು, ಅವರು ಭರವಸೆ ಕಳೆದುಕೊಳ್ಳಬಾರದು ಎಂದು. ನಮ್ಮ ವಿರೋಧದ ಗುರಿ ಈ ಮಹಿಳೆಯರೆಂದು ತಿಳಿದವರು ಆ ಪುಟವನ್ನೊಮ್ಮೆ ಓದಬೇಕೆಂದು ನನ್ನ ಆಸೆ.

ಕಾನೂನನ್ನು ಪೂರ್ತಿಯಾಗಿ ಬದಲಿಸಲಾಗದ ಕಡೆ ಕಥೋಲಿಕ ಶಾಸಕರು ಏನು ಮಾಡಬೇಕೆಂಬುದಕ್ಕೂ ಅದೇ ಪತ್ರದ 73ನೇ ಪರಿಚ್ಛೇದದಲ್ಲಿ ಉತ್ತರವಿದೆ. ಗರ್ಭಪಾತದ ಬಗ್ಗೆ ತಮ್ಮ ವಿರೋಧ ಎಲ್ಲರಿಗೂ ತಿಳಿದಿರುವುದಾದರೆ, ಈಗಿರುವುದಕ್ಕಿಂತ ಹಾನಿಯನ್ನು ಕಡಿಮೆ ಮಾಡುವ ಮಸೂದೆಗೆ ಅವರು ಮತ ನೀಡಬಹುದು. ಅದು ಉಳಿದ ಹಾನಿಯನ್ನು ಒಪ್ಪಿದಂತಾಗುವುದಿಲ್ಲ. ಈ ಅವಕಾಶವನ್ನು ಸಮಯಾನುಕೂಲದ ರಾಜಿಯೆಂದು ಕರೆಯುವವರು ನಮ್ಮವರಲ್ಲಿಯೂ ಇದ್ದಾರೆ. ನಾನು ಹಾಗೆ ನೋಡುವುದಿಲ್ಲ, ಏಕೆಂದರೆ ಪೂರ್ಣ ನ್ಯಾಯ ಸಿಗುವವರೆಗೆ ಕಾಯುತ್ತ ಕುಳಿತರೆ ಆ ನಡುವೆ ಉಳಿಸಬಹುದಾಗಿದ್ದ ಜೀವಗಳಿಗೆ ನಾವು ಯಾವ ಉತ್ತರವನ್ನೂ ಕೊಡಲಾರೆವು.