130 ಕೆಲ್ವಿನ್ ಬಳಿಯ ಜಿಗಿತ ಫ್ರಸ್ಟ್ರೇಶನ್ನಿನದೇ?

ಬೆಳಗಾವಿಯಲ್ಲಿ ಎಂ.ಎಸ್ಸಿ ಪ್ರಾಜೆಕ್ಟಿಗೆ ಮಫಲ್ ಫರ್ನೇಸಿನಲ್ಲಿ (ಮುಚ್ಚಿದ ವಿದ್ಯುತ್ ಕುಲುಮೆ) ಕಾಪರ್ ಕ್ರೋಮಿಯಂ ಡೆಲಫೊಸೈಟ್ (CuCrO₂, ಪದರ ಪದರವಾದ ಆಕ್ಸೈಡ್) ಮಾಡಿದ್ದೀರಿ. ಸಸೆಪ್ಟಿಬಿಲಿಟಿ (ಹೊರಗಿನ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆಂಬ ಅಳತೆ) 130 ಕೆಲ್ವಿನ್ ಬಳಿ ಜಿಗಿಯುತ್ತಿದೆ, ಇದು ಫ್ರಸ್ಟ್ರೇಶನ್ನಿನ, ಅಂದರೆ ಅಕ್ಕಪಕ್ಕದ ಕಾಂತಗಳ ಆಸೆಗಳೆಲ್ಲ ಒಟ್ಟಿಗೆ ಈಡೇರದ ಸ್ಥಿತಿಯ, ಗುರುತೇ ಎಂದು ಕೇಳಿದ್ದೀರಿ.

ಅಲ್ಲರಿ. ನನ್ನ ಮೊದಲ ಅನುಮಾನ ಕಾಪರ್ ಕ್ರೋಮೈಟ್ ಸ್ಪಿನೆಲ್ (CuCr₂O₄) ಎಂಬ ಕಲಬೆರಕೆಯ ಮೇಲೆ. ಅದು ಸುಮಾರು 130 ಕೆಲ್ವಿನ್ ಕೆಳಗೆ ಫೆರಿಮ್ಯಾಗ್ನೆಟ್, ಅಂದರೆ ತಾನೇ ಅಯಸ್ಕಾಂತವಾಗುವ ವಸ್ತು. ಪುಡಿಯಲ್ಲಿ ಚೂರು ಉಳಿದರೂ ಗ್ರಾಫ್ ಕೆಡುತ್ತದೆ. 0.1 ಟೆಸ್ಲಾದಲ್ಲೊಮ್ಮೆ, 1 ಟೆಸ್ಲಾದಲ್ಲೊಮ್ಮೆ ಅಳೀರಿ. ಸಸೆಪ್ಟಿಬಿಲಿಟಿಯ ಎರಡು ಗೆರೆಗಳು 130ರ ಕೆಳಗೆ ಬೇರೆಯಾದರೆ ಅನುಮಾನ ನಿಜ. ಎಕ್ಸ್‌ರೇ ಒಂದನ್ನೇ ನಂಬಬೇಡಿ: ಸ್ಪಿನೆಲ್ಲಿನ ದೊಡ್ಡ ಪೀಕು 35 ಡಿಗ್ರಿ ಆಸುಪಾಸಿನಲ್ಲಿ ಡೆಲಫೊಸೈಟಿನ ಪೀಕಿನಡಿಯೇ ಅಡಗುತ್ತದೆ.

ಸ್ಪಿನೆಲ್ ಉಳಿಯುವುದೇಕೆ? ಕಪ್ಪು ಕಾಪರ್ ಆಕ್ಸೈಡ್, ಹಸಿರು ಕ್ರೋಮಿಯಂ ಆಕ್ಸೈಡ್ ಕೂಡಿದಾಗ ಮೊದಲು ಹುಟ್ಟುವುದೇ ಸ್ಪಿನೆಲ್. ಅದು ಮಿಕ್ಕ ಕಾಪರ್ ಆಕ್ಸೈಡಿನ ಜೊತೆ ಸೇರಿ, ಆಕ್ಸಿಜನ್ ಬಿಟ್ಟು ಪೂರ್ತಿ ಡೆಲಫೊಸೈಟ್ ಆಗಲು ಗಾಳಿಯಲ್ಲಿ ಇನ್ನೂ ಹೆಚ್ಚು ಶಾಖ ಬೇಕು. 5 ಗ್ರಾಂ ಬೇಕಿದ್ದರೆ ಕಾಪರ್ ಆಕ್ಸೈಡ್ 2.696 ಗ್ರಾಂ, ಕ್ರೋಮಿಯಂ ಆಕ್ಸೈಡ್ 2.575 ಗ್ರಾಂ. ಎರಡನ್ನೂ ಮೊದಲು ಒಣಗಿಸ್ರಿ, ಬೆಳಗಾವಿಯ ಮಳೆಗಾಲದಲ್ಲಂತೂ ಮರೀಬೇಡಿ, ತೇವದ ಪುಡಿ ತೂಕ ತಪ್ಪಿಸುತ್ತದೆ. ಅರೆದು ಬಿಲ್ಲೆ ಒತ್ತಿ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ತಾಸು, ಮತ್ತೆ ಅರೆದು 1150ರಲ್ಲಿ 24 ತಾಸು. 900ರಿಂದ ಮೇಲೆ ನಿಧಾನ ಏರಿಸ್ರಿ. ಕ್ರಿಯೆಗೆ ಸಿಗದ ಬಿಡಿ ಕಾಪರ್ ಆಕ್ಸೈಡ್ ಮೇಲಿನ ಶಾಖದಲ್ಲಿ ಕರಗಿ ಕ್ರೂಸಿಬಲ್ಲಿಗೆ (ಸುಡುವ ಬಟ್ಟಲು) ಇಳಿದರೆ ಲೆಕ್ಕವೇ ತಪ್ಪಿತು. ಬಿಲ್ಲೆಯನ್ನು ಅದೇ ಪುಡಿಯ ಹಾಸಿನ ಮೇಲಿಡ್ರಿ. ನಡುವೆ ಕರೆಂಟ್ ಹೋಗಿ ಫರ್ನೇಸು 800–900ರಲ್ಲಿ ತೆವಳಿದರೆ ಗಾಳಿಯಲ್ಲಿ ಸ್ಪಿನೆಲ್ ಮರಳಬಹುದು, ಆಗ ಮತ್ತೊಮ್ಮೆ ಸುಡುವುದೇ ದಾರಿ. ಕೊನೆಗೆ ತೂಗಿದಾಗ ಶೇಕಡಾ 5.1 ಇಳಿದಿರಬೇಕು. ಕಡಿಮೆ ಇಳಿದಿದ್ದರೆ ಕ್ರಿಯೆ ಮುಗಿದಿಲ್ಲ.

ಇನ್ನು ನಿಜವಾದ ಫ್ರಸ್ಟ್ರೇಶನ್. ಕ್ರೋಮಿಯಂ ಪದರದಲ್ಲಿ ಅಯಾನುಗಳು ತ್ರಿಕೋನಗಳಲ್ಲಿ ಕೂತಿವೆ. ಪ್ರತಿ ಅಯಾನಿನ ಸ್ಪಿನ್ನಿಗೂ (ಅದರ ಪುಟ್ಟ ಕಾಂತದ ದಿಕ್ಕು) ಪಕ್ಕದ್ದಕ್ಕೆ ಎದುರು ನಿಲ್ಲುವ ಆಸೆ. ಇಬ್ಬರು ಎದುರುಬದುರಾದರೆ ಮೂರನೆಯದು ಯಾರ ಎದುರು ನಿಂತೀತು? ಕೊನೆಗೆ ಸುಮಾರು 120 ಡಿಗ್ರಿ ಕೋನದಲ್ಲಿ ರಾಜಿಯಾಗುತ್ತವೆ, ಅದೂ 24 ಕೆಲ್ವಿನ್ ಬಳಿ. ಪದರಗಳ ನಡುವಿನ ತಾಮ್ರಕ್ಕೆ ಅಯಸ್ಕಾಂತ ಗುಣವಿಲ್ಲ, ಹಾಗಾಗಿ ಪದರದಿಂದ ಪದರಕ್ಕೆ ಹಿಡಿತ ಸಡಿಲ.

ಶುದ್ಧ ಸ್ಯಾಂಪಲ್ಲಿನಲ್ಲಿ ಸಸೆಪ್ಟಿಬಿಲಿಟಿಯ ವಿಲೋಮವನ್ನು 200–350 ಕೆಲ್ವಿನ್ ನಡುವೆ ನೇರಗೆರೆಗೆ ಹೊಂದಿಸ್ರಿ. ಆ ಗೆರೆ ಸೊನ್ನೆ ಮುಟ್ಟುವ ಕ್ಯೂರಿ–ವೈಸ್ ತಾಪಮಾನ ಮೈನಸ್ 200 ಕೆಲ್ವಿನ್ ಸುತ್ತ ಬರಬೇಕು. ಮೈನಸ್ ಚಿಹ್ನೆ ಬಿಟ್ಟು ಅದನ್ನು 24ರಿಂದ ಭಾಗಿಸಿದರೆ ಸುಮಾರು 8: ಫ್ರಸ್ಟ್ರೇಶನ್ನಿನ ಅಳತೆ ಇದು. ಅದೇ ಫಿಟ್ಟಿನಿಂದ ಸಿಗುವ ಕ್ರೋಮಿಯಂ ಮೊಮೆಂಟು (ಒಂದೊಂದು ಅಯಾನಿನ ಕಾಂತಬಲ) 3.87 ಬೋರ್ ಮ್ಯಾಗ್ನೆಟಾನಿನಿಂದ (ಅದರ ಏಕಮಾನ) ಬಹಳ ದೂರ ಬಂದರೆ ತೂಕವನ್ನೂ ಫಿಟ್ಟಿನ ವ್ಯಾಪ್ತಿಯನ್ನೂ ಮತ್ತೆ ನೋಡ್ರಿ.